ಜೀವಕೋಶದ ಕಿರ್ದಿ-ಖಾತೆ

ಹೊಸ ವಿದ್ಯೆಗಳಿಗೆ ಭಾರವಾದ ಹೆಸರುಗಳನ್ನಿಡುವುದು ವಿದ್ವಾಂಸರ ಹಳೆಯ ವಾಡಿಕೆ. ‘ಜೀನೋಮ್ ಪ್ರಮಾಣದ ಚಯಾಪಚಯ ಪ್ರತಿರೂಪ’ ಎಂಬುದು ಅಂಥ ಹೆಸರುಗಳಲ್ಲೊಂದು. ಕೇಳಿದೊಡನೆ ಇದು ದೊಡ್ಡ ಪ್ರಯೋಗಶಾಲೆಗಳಲ್ಲಿ ಬಿಳಿಯ ನಿಲುವಂಗಿ ತೊಟ್ಟವರ ವಿಷಯ, ಹಗಲೆಲ್ಲ ಗಲ್ಲಾದ ಮುಂದೆ ಕುಳಿತವರಿಗೂ ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೂ ಇದರ ಗೊಡವೆ ಏಕೆ ಎಂದು ತೋರುವುದು ಸಹಜ. ಆದರೆ ಹೆಸರಿನ ಹೊದಿಕೆಯನ್ನು ಸರಿಸಿ ನೋಡಿದರೆ ಒಳಗಿರುವುದು ನಮ್ಮವರಿಗೆ ತಲೆಮಾರುಗಳಿಂದ ಪರಿಚಯವಿರುವ ಕಸುಬು: ಜಮಾ-ಖರ್ಚು ಬರೆಯುವುದು, ದಿನದ ಕೊನೆಗೆ ತಾಳೆ ನೋಡುವುದು, ತಾಳೆಯಾಗದಿದ್ದರೆ ಎಲ್ಲಿ ತಪ್ಪಿತೆಂದು ಸಾಲುಸಾಲಾಗಿ ಹುಡುಕುವುದು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಇಂದು ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನೂ ಗಣಕಶಾಸ್ತ್ರವನ್ನೂ ಓದುತ್ತಿದ್ದಾರೆ. ಅವರಲ್ಲಿ ಕೆಲವರು ಈ ವಿದ್ಯೆಯ ಹೆಸರನ್ನು ಮನೆಯಲ್ಲಿ ಎತ್ತಿಯೂ ಇರಬಹುದು. ಇದು ಏನು, ಇದರಿಂದ ಯಾವುದು ಸಾಧ್ಯ, ಯಾವುದು ಅಸಾಧ್ಯ, ಕಲಿಯಲು ಏನು ಬೇಕು, ಖರ್ಚೆಷ್ಟು ಎಂಬುದನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ತಿಳಿಯದೆ ಹೆದರಿ ಬೇಡವೆನ್ನುವುದರಿಂದ ಮಕ್ಕಳಿಗೆ ನಷ್ಟ. ತಿಳಿಯದೆ ನಂಬಿ ಸಾಲ ಮಾಡಿ ಶುಲ್ಕ ಕಟ್ಟುವುದರಿಂದ ಮನೆಗೇ ನಷ್ಟ. ಈ ಎರಡು ನಷ್ಟಗಳನ್ನೂ ತಪ್ಪಿಸುವ ಉದ್ದೇಶದಿಂದಲೇ ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಕೋಶವೆಂಬ ಅಡುಗೆಮನೆ

ನಮ್ಮ ಕರುಳಿನಲ್ಲಿ ವಾಸಿಸುವ ‘ಎಶೆರಿಕಿಯಾ ಕೋಲೈ’ ಎಂಬ ಬ್ಯಾಕ್ಟೀರಿಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಥಿಯೊಡೋರ್ ಎಶೆರಿಕ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಇದನ್ನು ಮೊದಲು ವರ್ಣಿಸಿದರು. ಅವರ ಹೆಸರೇ ಇದಕ್ಕೆ ಬಂದಿದೆ. ವಿಜ್ಞಾನಿಗಳು ಸಂಕ್ಷೇಪವಾಗಿ ಇದನ್ನು ಇ. ಕೋಲೈ ಎನ್ನುತ್ತಾರೆ. ಬರಿಗಣ್ಣಿಗೆ ಕಾಣದ ಈ ಜೀವಿಗೆ ಸಕ್ಕರೆ, ಒಂದಿಷ್ಟು ಲವಣಗಳು ಮತ್ತು ಗಾಳಿ ದೊರೆತರೆ ಸಾಕು. ತನ್ನ ಮೈಗೆ ಬೇಕಾದ ಪ್ರೋಟೀನು, ಕೊಬ್ಬು, ಜೀವಸತ್ವ ಎಲ್ಲವನ್ನೂ ತಾನೇ ತಯಾರಿಸಿಕೊಂಡು ಬೆಳೆದು ಎರಡಾಗುತ್ತದೆ. ಪುಷ್ಕಳವಾದ ಆಹಾರ ಸಿಕ್ಕಿದರಂತೂ 20 ನಿಮಿಷಗಳಲ್ಲಿ ಒಂದು ಎರಡಾಗಬಲ್ಲದು.

ಹೀಗೆ ಒಂದು ಪದಾರ್ಥವನ್ನು ಇನ್ನೊಂದಾಗಿ ಮಾರ್ಪಡಿಸುವ ರಾಸಾಯನಿಕ ಕ್ರಿಯೆಗಳ ಒಟ್ಟು ಹೆಸರೇ ಚಯಾಪಚಯ. ನಮ್ಮ ಹೋಟೆಲಿನ ಅಡುಗೆಮನೆಯನ್ನೇ ನೋಡಿರಿ. ಉಗ್ರಾಣದಿಂದ ಹೊರಟ ಅಕ್ಕಿ ಮತ್ತು ಉದ್ದು, ಗಿರಾಕಿಯ ಮುಂದೆ ಇಡ್ಲಿಯಾಗಿ ಬರುವ ಮೊದಲು ನೆನೆಯಬೇಕು, ರುಬ್ಬಬೇಕು, ಹುದುಗಬೇಕು, ಬೇಯಬೇಕು; ಪ್ರತಿಯೊಂದು ಹಂತಕ್ಕೂ ಬೇರೆ ಬೇರೆ ಕೈಗಳು. ಕೋಶದೊಳಗೆ ಈ ಕೈಗಳಿಗೆ ಕಿಣ್ವಗಳೆಂದು ಹೆಸರು. ಸಾಮಾನ್ಯವಾಗಿ ಒಂದು ಕಿಣ್ವಕ್ಕೆ ಒಂದೇ ಕೆಲಸ. ಯಾವ ಕಿಣ್ವವನ್ನು ಹೇಗೆ ತಯಾರಿಸಬೇಕೆಂಬ ಬರಹವೇ ಜೀನು. ಒಂದು ಜೀವಿಯ ಜೀನುಗಳನ್ನೆಲ್ಲ ಒಳಗೊಂಡ ಪೂರ್ಣ ಗ್ರಂಥವೇ ಜೀನೋಮ್.

ಇ. ಕೋಲೈಯ ಈ ಗ್ರಂಥವನ್ನು 1997ರಲ್ಲಿ ಆದ್ಯಂತವಾಗಿ ಓದಿ ಮುಗಿಸಿದರು. ಅದರಲ್ಲಿ ಸುಮಾರು 46 ಲಕ್ಷ ಅಕ್ಷರಗಳು. ಅವುಗಳ ನಡುವೆ ಸುಮಾರು 4300 ಜೀನುಗಳು. ಅಂದರೆ ಅಡುಗೆಮನೆಯಲ್ಲಿ ಯಾರು ಯಾರು ಇರಬಲ್ಲರು ಎಂಬ ಹಾಜರಿ ಪುಸ್ತಕ ಕೈಗೆ ಬಂದಂತಾಯಿತು. ಇನ್ನು ಉಳಿದದ್ದು ಒಂದು ಪ್ರಶ್ನೆ: ಇಷ್ಟು ಮಂದಿ ಮಾಡುವ ಎಲ್ಲ ಕೆಲಸಗಳನ್ನೂ ಸೇರಿಸಿ ಇಡೀ ಅಡುಗೆಮನೆಯ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯಲಾದೀತೇ? ಈ ಪ್ರಶ್ನೆಗೆ ಉತ್ತರವಾಗಿ ಬೆಳೆದುದೇ ನಾವು ಹೇಳಹೊರಟಿರುವ ವಿದ್ಯೆ.

ಪ್ರತಿ ಪದಾರ್ಥಕ್ಕೊಂದು ಖಾತೆ

ಲೆಕ್ಕದ ಕ್ರಮ ಹೀಗಿದೆ. ಕೋಶದಲ್ಲಿರುವ ಪ್ರತಿಯೊಂದು ಪದಾರ್ಥಕ್ಕೂ ಒಂದೊಂದು ಖಾತೆ ತೆರೆಯಬೇಕು. ಪ್ರತಿಯೊಂದು ರಾಸಾಯನಿಕ ಕ್ರಿಯೆಯನ್ನು ಒಂದೊಂದು ವೋಚರು ಎಂದು ಭಾವಿಸಬೇಕು. ವೋಚರಿನಲ್ಲಿ ಯಾವ ಖಾತೆಗೆ ಎಷ್ಟು ಖರ್ಚು, ಯಾವ ಖಾತೆಗೆ ಎಷ್ಟು ಜಮೆ ಎಂದು ನಮೂದಾಗಿರುತ್ತದೆ.

ನಮ್ಮ ದೇಹದ ಕೋಶಗಳಲ್ಲಿ ಸಕ್ಕರೆ ಕರಗುವ ಕೆಲಸದ ಮೊದಲನೆಯ ಹೆಜ್ಜೆಯನ್ನು ನೋಡೋಣ. ಕೋಶದೊಳಗೆ ಶಕ್ತಿಯ ಚಲಾವಣೆಗೆ ಎಟಿಪಿ ಎಂಬ ಒಂದು ನಾಣ್ಯವಿದೆ. ಅದು ಖರ್ಚಾದಾಗ ಎಡಿಪಿ ಎಂಬ ಸವೆದ ನಾಣ್ಯವಾಗುತ್ತದೆ. ಗ್ಲೂಕೋಸಿನ ಒಂದು ಅಣುವೂ ಎಟಿಪಿಯ ಒಂದು ಅಣುವೂ ಸೇರಿ, ಗ್ಲೂಕೋಸ್ ಫಾಸ್ಫೇಟಿನ ಒಂದು ಅಣುವೂ ಎಡಿಪಿಯ ಒಂದು ಅಣುವೂ ಹುಟ್ಟುತ್ತವೆ. ವೋಚರು ಬರೆಯುವುದು ಹೀಗೆ: ಗ್ಲೂಕೋಸಿನ ಖಾತೆಯಲ್ಲಿ ಋಣ 1, ಎಟಿಪಿಯ ಖಾತೆಯಲ್ಲಿ ಋಣ 1, ಗ್ಲೂಕೋಸ್ ಫಾಸ್ಫೇಟಿನ ಖಾತೆಯಲ್ಲಿ ಧನ 1, ಎಡಿಪಿಯ ಖಾತೆಯಲ್ಲಿ ಧನ 1. ಹೀಗೆ ಖಾತೆಗಳನ್ನು ಅಡ್ಡ ಸಾಲುಗಳಲ್ಲಿಯೂ ವೋಚರುಗಳನ್ನು ಉದ್ದ ಸಾಲುಗಳಲ್ಲಿಯೂ ಬರೆದು ಒಂದು ದೊಡ್ಡ ಕೋಷ್ಟಕವನ್ನು ತುಂಬಿದರೆ, ಗಣಿತಜ್ಞರು ಅದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಇದರಲ್ಲಿ ಹೆದರಬೇಕಾದ ಸಂಗತಿ ಯಾವುದೂ ಇಲ್ಲ.

ಇನ್ನೊಂದು ನಿಯಮವಿದೆ, ಅದೇ ಇಡೀ ವಿದ್ಯೆಯ ತಳಹದಿ. ಕೋಶದ ಒಳಗಿನ ಯಾವ ಖಾತೆಯಲ್ಲಿಯೂ ಶಿಲ್ಕು ಬೆಳೆಯುತ್ತ ಹೋಗಬಾರದು, ಸಾಲವೂ ಬೆಳೆಯಬಾರದು. ಗಂಟೆಗೆ ಎಷ್ಟು ಹುಟ್ಟುತ್ತದೆಯೋ ಅಷ್ಟೇ ಖರ್ಚಾಗಬೇಕು. ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ನಡೆಯುತ್ತಿರುವ ಹೋಟೆಲಿನಲ್ಲಿ ರುಬ್ಬಿದ ಚಟ್ನಿಯೂ ಬಡಿಸಿದ ಚಟ್ನಿಯೂ ಸರಿಸಮನಾಗಿರಬೇಕಲ್ಲವೇ? ಹೆಚ್ಚು ರುಬ್ಬಿದರೆ ಪಾತ್ರೆ ಉಕ್ಕುತ್ತದೆ, ಕಡಿಮೆ ರುಬ್ಬಿದರೆ ಬರಿದಾಗುತ್ತದೆ. ಕೋಶವು ಬೆಳೆಯುವ ವೇಗಕ್ಕೆ ಹೋಲಿಸಿದರೆ ಅದರ ಒಳಗಿನ ಪದಾರ್ಥಗಳ ಏರಿಳಿತ ಬಹು ಬೇಗ ಒಂದು ಸ್ಥಿತಿಗೆ ಬಂದು ನಿಲ್ಲುತ್ತದೆ. ಆದುದರಿಂದ ಈ ನಿಯಮವನ್ನು ಇಟ್ಟುಕೊಳ್ಳುವುದು ಯುಕ್ತ. ಉಗ್ರಾಣಕ್ಕೆ ಬರುವ ಸಾಮಾನು ಮತ್ತು ಹೊರಗೆ ಹೋಗುವ ಸಾಮಾನುಗಳ ಖಾತೆಗಳು ಮಾತ್ರ ತೆರೆದಿರುತ್ತವೆ.

ಒಂಬತ್ತು ಗುಮಾಸ್ತರು

ಆದರೆ ಇಲ್ಲಿ ಒಂದು ತೊಡಕು ಬರುತ್ತದೆ. ಕಲಿಯುವವರಿಗೆಂದೇ ಸಿದ್ಧಪಡಿಸಿದ ಇ. ಕೋಲೈಯ ಚಿಕ್ಕ ಪ್ರತಿರೂಪವೊಂದಿದೆ. ಅದರಲ್ಲಿ ಖಾತೆಗಳು 72, ವೋಚರುಗಳು 95. ಅಂದರೆ 72 ಸಮೀಕರಣಗಳಿಂದ 95 ಅಜ್ಞಾತ ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಶಾಲೆಯಲ್ಲಿ ಬೀಜಗಣಿತ ಕಲಿತವರಿಗೆ ಗೊತ್ತಿರುವಂತೆ, ಅಜ್ಞಾತಗಳು ಹೆಚ್ಚಿದ್ದರೆ ಉತ್ತರ ಒಂದೇ ಆಗಿರುವುದಿಲ್ಲ. ಅಸಂಖ್ಯ ಉತ್ತರಗಳು ತಾಳೆಯಾಗುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು?

ಈ ತೊಡಕನ್ನು ಬಿಡಿಸುವ ಗಣಿತ ಜೀವಶಾಸ್ತ್ರದಲ್ಲಿ ಹುಟ್ಟಿದ್ದಲ್ಲ. ಅದು ಬೆಳೆದು ಬಂದ ದಾರಿಯಲ್ಲಿ ಊಟದ ಖರ್ಚಿನ ಲೆಕ್ಕವೊಂದು ಪ್ರಸಿದ್ಧವಾಗಿದೆ. 1945ರಲ್ಲಿ ಜಾರ್ಜ್ ಸ್ಟಿಗ್ಲರ್ ಎಂಬ ಅಮೇರಿಕದ ಅರ್ಥಶಾಸ್ತ್ರಜ್ಞರು ಒಂದು ಪ್ರಶ್ನೆಯನ್ನು ಮುಂದಿಟ್ಟರು: 77 ಬಗೆಯ ಆಹಾರ ಪದಾರ್ಥಗಳಲ್ಲಿ ಯಾವುದನ್ನು ಎಷ್ಟೆಷ್ಟು ಕೊಂಡರೆ, ಒಬ್ಬ ಮನುಷ್ಯನಿಗೆ ಬೇಕಾದ 9 ಪೋಷಕಾಂಶಗಳೂ ಅತಿ ಕಡಿಮೆ ಖರ್ಚಿನಲ್ಲಿ ದೊರೆಯುತ್ತವೆ? ಅವರು ಊಹೆಯನ್ನೂ ಲೆಕ್ಕವನ್ನೂ ಕೂಡಿಸಿ ಗೋಧಿಹಿಟ್ಟು, ಡಬ್ಬಿಯ ಹಾಲು, ಎಲೆಕೋಸು, ಪಾಲಕ್ ಸೊಪ್ಪು, ಒಣ ಬೀನ್ಸು ಇವುಗಳ ಒಂದು ಪಟ್ಟಿಯನ್ನು ಕೊಟ್ಟರು. 1939ರ ಬೆಲೆಗಳಲ್ಲಿ ವರ್ಷಕ್ಕೆ 39.93 ಡಾಲರು ಖರ್ಚು. ಇದೇ ಅತಿ ಕಡಿಮೆ ಎಂದು ಸಾಧಿಸಿ ತೋರಿಸುವ ಮಾರ್ಗ ಅವರ ಬಳಿ ಇರಲಿಲ್ಲ.

1947ರಲ್ಲಿ ಜಾರ್ಜ್ ಡ್ಯಾಂಟ್ಸಿಗ್ ಎಂಬ ಗಣಿತಜ್ಞರು ಇಂಥ ಲೆಕ್ಕಗಳನ್ನು ಬಿಡಿಸುವ ಕ್ರಮಬದ್ಧವಾದ ಒಂದು ವಿಧಾನವನ್ನು ಕಂಡುಹಿಡಿದರು. ಅದನ್ನು ಪರೀಕ್ಷಿಸಲು ಸ್ಟಿಗ್ಲರರ ಊಟದ ಲೆಕ್ಕವನ್ನೇ ಆರಿಸಿಕೊಂಡರು. ಲೆಕ್ಕ ಮಾಡಿದವರು ಅಮೇರಿಕದ ಸರಕಾರಿ ಸಂಸ್ಥೆಯೊಂದರ ಒಂಬತ್ತು ಮಂದಿ ಗುಮಾಸ್ತರು. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳನ್ನು ಮುಂದಿಟ್ಟುಕೊಂಡು ಅವರು ಪಟ್ಟ ಶ್ರಮ ಒಬ್ಬನೇ ಮನುಷ್ಯನ 120 ದಿನಗಳ ದುಡಿಮೆಗೆ ಸಮ. ಕೊನೆಗೆ ಬಂದ ಉತ್ತರ 39.69 ಡಾಲರು, ಸ್ಟಿಗ್ಲರರ ಅಂದಾಜಿಗಿಂತ 24 ಸೆಂಟು ಕಡಿಮೆ. ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಈ ಗಣಿತ ತನ್ನ ಮೊದಲ ದೊಡ್ಡ ಪರೀಕ್ಷೆಯಲ್ಲಿ ಹೀಗೆ ಗುಮಾಸ್ತರ ಕೈಯಲ್ಲೇ ಉತ್ತೀರ್ಣವಾಯಿತು. ಅವರ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದಿಲ್ಲ. ಆದರೆ ಆ ಲೆಕ್ಕ ಇಂದಿಗೂ ಪಾಠವಾಗಿ ಉಳಿದಿದೆ.

ಇದೇ ಗಣಿತವನ್ನು ಜೀವಕೋಶಕ್ಕೆ ಅನ್ವಯಿಸಿದವರಲ್ಲಿ ಫೆಲ್ ಮತ್ತು ಸ್ಮಾಲ್ ಎಂಬವರು ಮೊದಲಿಗರು. 1986ರಲ್ಲಿ ಅವರು ದೇಹದಲ್ಲಿ ಸಕ್ಕರೆಯಿಂದ ಕೊಬ್ಬು ತಯಾರಾಗುವ ಲೆಕ್ಕವನ್ನು ಈ ರೀತಿ ಪರಿಶೀಲಿಸಿದರು. ಮುಂದೆ ಅಮೇರಿಕದಲ್ಲಿ ಬರ್ನ್‌ಹಾರ್ಡ್ ಪಾಲ್ಸನ್ ಎಂಬ ವಿಜ್ಞಾನಿಯೂ ಅವರ ಶಿಷ್ಯರೂ ಇದನ್ನು ಬಹುವಾಗಿ ಬೆಳೆಸಿದರು. ಕೋಶಕ್ಕೆ ಒಂದು ಗುರಿಯನ್ನು ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ಆ ಗುರಿ ಆದಷ್ಟು ಬೇಗ ಬೆಳೆಯುವುದು. ಹೊಸ ಕೋಶವೊಂದಕ್ಕೆ ಯಾವ ಯಾವ ಪದಾರ್ಥ ಯಾವ ಪ್ರಮಾಣದಲ್ಲಿ ಬೇಕೆಂಬ ಪಾಕವನ್ನು ಒಂದು ವೋಚರಾಗಿ ಬರೆದು, ಅದು ಗರಿಷ್ಠವಾಗುವಂತೆ ಲೆಕ್ಕ ಮಾಡೆಂದು ಗಣಕಕ್ಕೆ ಹೇಳುತ್ತಾರೆ. ಒಂಬತ್ತು ಗುಮಾಸ್ತರು ದಿನಗಟ್ಟಲೆ ಪಟ್ಟ ಶ್ರಮಕ್ಕೆ ಈಗ ಒಂದು ಸೆಕೆಂಡೂ ಬೇಡ.

ಮೊದಲನೆಯ ಪಾಠ

ಕಲಿಯುವವರು ಮಾಡುವ ಮೊದಲನೆಯ ಲೆಕ್ಕವನ್ನು ಇಲ್ಲಿ ವಿವರಿಸುತ್ತೇವೆ. ಆ ಚಿಕ್ಕ ಪ್ರತಿರೂಪಕ್ಕೆ ಗಂಟೆಗೆ 10 ಮಾನದಷ್ಟು ಗ್ಲೂಕೋಸನ್ನು ಮಾತ್ರ ಒಳಗೆ ಬಿಡಬೇಕು. ಆಮ್ಲಜನಕ ಬೇಕಾದಷ್ಟು ಸಿಗಲಿ ಎನ್ನಬೇಕು. ಗಣಕ ಕೊಡುವ ಬೆಳವಣಿಗೆಯ ದರ ಗಂಟೆಗೆ 0.874. ಎಂದರೆ ಸುಮಾರು 48 ನಿಮಿಷಗಳಲ್ಲಿ ಕೋಶ ಇಮ್ಮಡಿಯಾಗುತ್ತದೆ. ಈಗ ಆಮ್ಲಜನಕದ ಬಾಗಿಲನ್ನು ಮುಚ್ಚಿ ಅದೇ ಲೆಕ್ಕವನ್ನು ಪುನಃ ಮಾಡಿಸಿದರೆ ದರ 0.212ಕ್ಕೆ ಇಳಿಯುತ್ತದೆ, ಇಮ್ಮಡಿಯಾಗಲು ಸುಮಾರು 3 ಗಂಟೆ 16 ನಿಮಿಷ ಬೇಕು.

ಏಕೆಂದು ಖಾತೆಗಳನ್ನು ತೆರೆದು ನೋಡಿದರೆ ಕಾರಣ ಕಾಣುತ್ತದೆ. ಈ ಪ್ರತಿರೂಪದಲ್ಲಿ ಆಮ್ಲಜನಕವಿದ್ದಾಗ ಒಂದು ಗ್ಲೂಕೋಸಿನಿಂದ ಹೆಚ್ಚೆಂದರೆ 17.5 ಎಟಿಪಿ ನಾಣ್ಯಗಳು ದೊರೆಯುತ್ತವೆ, ಇಲ್ಲದಾಗ 2.75 ಮಾತ್ರ. ಜೊತೆಗೆ, ಗಾಳಿಯಿಲ್ಲದ ಲೆಕ್ಕದಲ್ಲಿ ಫಾರ್ಮಿಕ್ ಆಮ್ಲ, ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಮತ್ತು ಮದ್ಯಸಾರ ಹೊರಗೆ ಬಂದಿರುತ್ತವೆ. ಆಮ್ಲವನ್ನು ಹೊರಹಾಕೆಂದು ಗಣಕಕ್ಕೆ ಯಾರೂ ಆಜ್ಞಾಪಿಸಿರುವುದಿಲ್ಲ. ಖಾತೆಗಳೆಲ್ಲ ತಾಳೆಯಾಗಬೇಕಾದರೆ ಬೇರೆ ದಾರಿಯಿಲ್ಲದೆ ಲೆಕ್ಕವೇ ಆ ಉತ್ತರಕ್ಕೆ ಬಂದು ನಿಂತಿದೆ. ಗಾಳಿಯಿಲ್ಲದೆ ಬೆಳೆಸಿದ ನಿಜವಾದ ಇ. ಕೋಲೈಯೂ ಈ ಪದಾರ್ಥಗಳನ್ನೇ ಹೊರಬಿಡುತ್ತದೆ.

ನಮ್ಮ ಹೋಟೆಲುಗಳಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಿಗ್ಗೆ ಉಬ್ಬಿ ಹುಳಿಯಾಗಿರುವುದೂ ಇದೇ ಜಾತಿಯ ಲೆಕ್ಕ. ಅಲ್ಲಿ ಲ್ಯೂಕೊನೊಸ್ಟಾಕ್ ಮುಂತಾದ ಬೇರೆ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತವೆ. ಹಿಟ್ಟು ಹುಳಿಯಾಗುವುದಕ್ಕೆ ಆಮ್ಲವೂ ಉಬ್ಬುವುದಕ್ಕೆ ಅನಿಲವೂ ಕಾರಣ. ಹಿಟ್ಟು ಹದಕ್ಕೆ ಬಂದುದನ್ನು ಮೂಗಿನಿಂದಲೇ ತಿಳಿಯುವ ಭಟ್ಟರು, ಹೆಸರು ಗೊತ್ತಿಲ್ಲದಿದ್ದರೂ, ಚಯಾಪಚಯದ ಫಲವನ್ನೇ ಪರೀಕ್ಷಿಸುತ್ತಿರುತ್ತಾರೆ.

ಪುಸ್ತಕ ಬೆಳೆದ ಬಗೆ

ಸ್ವತಂತ್ರವಾಗಿ ಬದುಕಬಲ್ಲ ಜೀವಿಗಳಲ್ಲಿ ಮೊತ್ತಮೊದಲು ಜೀನೋಮ್ ಓದಿ ಮುಗಿಸಿದ್ದು ‘ಹೀಮೋಫಿಲಸ್ ಇನ್‌ಫ್ಲುಯೆಂಜೀ’ ಎಂಬ ಬ್ಯಾಕ್ಟೀರಿಯದ್ದು, 1995ರಲ್ಲಿ. ಅದರ ಮೇಲೆಯೇ 1999ರಲ್ಲಿ ಎಡ್ವರ್ಡ್ಸ್ ಮತ್ತು ಪಾಲ್ಸನ್ ಇಡೀ ಜೀನೋಮನ್ನು ಆಧರಿಸಿದ ಮೊದಲ ಲೆಕ್ಕದ ಪುಸ್ತಕವನ್ನು ರಚಿಸಿದರು. ಮರುವರ್ಷ, 2000ದಲ್ಲಿ, ಇ. ಕೋಲೈಯ ಸರದಿ. 660 ಜೀನುಗಳಿಂದ ಆರಂಭವಾದ ಆ ಪುಸ್ತಕ 2003ರಲ್ಲಿ 904 ಜೀನುಗಳಿಗೆ, 2007ರಲ್ಲಿ 1260ಕ್ಕೆ, 2011ರಲ್ಲಿ 1366ಕ್ಕೆ, 2017ರಲ್ಲಿ 1515ಕ್ಕೆ ಬೆಳೆಯಿತು. 2017ರ ಆವೃತ್ತಿಯಲ್ಲಿ 2719 ಕ್ರಿಯೆಗಳೂ 1192 ಪದಾರ್ಥಗಳೂ ಇವೆ.

ಈ ಪುಸ್ತಕಗಳಿಗೆ ಹೆಸರಿಡುವ ಪದ್ಧತಿಯೂ ತಿಳಿಯತಕ್ಕದ್ದು. 2011ರ ಆವೃತ್ತಿಗೆ ‘ಐಜೆಒ 1366’ ಎಂದು ಹೆಸರು. ಮೊದಲನೆಯ ಅಕ್ಷರ, ಇದು ಗಣಕದೊಳಗಿನ ಜೀವಿ ಎಂಬುದರ ಗುರುತು. ನಂತರದ ಎರಡು ಅಕ್ಷರಗಳು ಅದನ್ನು ಬರೆದ ಜೆಫ್ ಆರ್ತ್ ಎಂಬವರ ಹೆಸರಿನವು. ಕೊನೆಯ ಅಂಕಿ ಜೀನುಗಳ ಸಂಖ್ಯೆ. ಲೆಕ್ಕ ಬರೆದವನ ಕಿರುಸಹಿಯೂ ಪುಟಗಳ ಎಣಿಕೆಯೂ ಪುಸ್ತಕದ ಬೆನ್ನಿನ ಮೇಲೆಯೇ ಇರುವಂತೆ ಇದು. ತಪ್ಪು ಸಿಕ್ಕಿದರೆ ಯಾರನ್ನು ಕೇಳಬೇಕೆಂಬುದರಲ್ಲಿ ಸಂಶಯವಿರದು.

ಮನುಷ್ಯನ ಲೆಕ್ಕವೂ ಆರಂಭವಾಗಿದೆ. 2007ರಲ್ಲಿ ಹೊರಬಂದ ಮೊದಲ ಮಾನವ ಪ್ರತಿರೂಪದಲ್ಲಿ 3311 ಕ್ರಿಯೆಗಳಿದ್ದವು. 2018ರ ಆವೃತ್ತಿಯಲ್ಲಿ 13,543 ಇವೆ.

ತಪ್ಪು ಹುಡುಕುವ ಕೆಲಸ

ಗಣಕವು ಕ್ಷಣಮಾತ್ರದಲ್ಲಿ ಲೆಕ್ಕ ಮಾಡುವುದಾದರೆ ಮನುಷ್ಯನಿಗೆ ಉಳಿದ ಕೆಲಸವೇನು ಎಂದು ವಾಚಕರು ಕೇಳಬಹುದು. ನಿಜವಾದ ಕೆಲಸವೆಲ್ಲ ಅಲ್ಲಿಯೇ ಇದೆ. ಉತ್ತಮ ಪ್ರತಿರೂಪವೊಂದನ್ನು ರಚಿಸುವ ಕ್ರಮವನ್ನು 2010ರಲ್ಲಿ ಇನೆಸ್ ಥೀಲೆ ಮತ್ತು ಪಾಲ್ಸನ್ 96 ಹೆಜ್ಜೆಗಳಾಗಿ ವಿಂಗಡಿಸಿ ಬರೆದಿದ್ದಾರೆ. ಮೊದಲ ಕರಡನ್ನು ಗಣಕವೇ ತಯಾರಿಸಿಕೊಡಬಲ್ಲದು. ಅನಂತರ ಪ್ರತಿಯೊಂದು ಕ್ರಿಯೆಯನ್ನೂ ಎತ್ತಿಕೊಂಡು, ಇದು ಈ ಜೀವಿಯಲ್ಲಿ ನಡೆಯುತ್ತದೆಂಬುದಕ್ಕೆ ಆಧಾರವೇನು, ಎರಡು ಕಡೆಯ ಇಂಗಾಲ, ಜಲಜನಕ, ಆಮ್ಲಜನಕಗಳ ಎಣಿಕೆ ಸರಿಯಿದೆಯೇ, ಕ್ರಿಯೆ ಒಂದೇ ದಿಕ್ಕಿನಲ್ಲಿ ಹೋಗುವುದೋ ಹಿಂದಕ್ಕೂ ಬರುವುದೋ ಎಂದು ಮನುಷ್ಯನೇ ನೋಡಬೇಕು. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಕೆಲವೊಮ್ಮೆ ವರ್ಷವೂ ಸಾಲದು.

ಇಲ್ಲಿ ಆಗುವ ತಪ್ಪುಗಳು ಲೆಕ್ಕಿಗರಿಗೆ ಹೊಸತೇನಲ್ಲ. ಒಂದೆರಡು ಕ್ರಿಯೆಗಳ ದಿಕ್ಕನ್ನು ತಪ್ಪಾಗಿ ನಮೂದಿಸಿದರೆ, ಆಹಾರವನ್ನೇ ಕೊಡದಿದ್ದರೂ ಪ್ರತಿರೂಪವು ಎಟಿಪಿ ನಾಣ್ಯಗಳನ್ನು ಹುಟ್ಟಿಸತೊಡಗುತ್ತದೆ. ಮೂರು ಖಾತೆಗಳ ನಡುವೆ ಹಣವನ್ನು ಸುತ್ತಿಸಿ ಸುತ್ತಿಸಿ ಇಲ್ಲದ ಲಾಭವನ್ನು ತೋರಿಸುವ ಸುಳ್ಳು ಲೆಕ್ಕವನ್ನು ಕಂಡವರಿಗೆ ಇದರ ಸ್ವರೂಪ ಒಡನೆ ತಿಳಿಯುತ್ತದೆ. ಆದುದರಿಂದಲೇ ಗ್ಲೂಕೋಸಿನ ಬಾಗಿಲನ್ನೂ ಉಳಿದೆಲ್ಲ ಬಾಗಿಲುಗಳನ್ನೂ ಮುಚ್ಚಿ, ಶಕ್ತಿಯ ಉತ್ಪತ್ತಿ ಸೊನ್ನೆ ಬರುತ್ತದೆಯೇ ಎಂದು ಪರೀಕ್ಷಿಸುವುದು ಕಲಿಯುವವರು ಎಂದೂ ಬಿಡಬಾರದ ಅಭ್ಯಾಸ.

ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಸೂಕ್ಷ್ಮ. ಜೀವಿ ನಿಜವಾಗಿ ಬೆಳೆಯುತ್ತದೆ, ಪುಸ್ತಕದಲ್ಲಿ ಬೆಳೆಯುವುದಿಲ್ಲ. ನಡುವೆ ಎಲ್ಲೋ ಒಂದು ಕ್ರಿಯೆ ಬಿಟ್ಟುಹೋಗಿದೆ. ಆಗ ಅಂತರವನ್ನು ತುಂಬಲು ಒಂದು ಕ್ರಿಯೆಯನ್ನು ಊಹಿಸಿ ಸೇರಿಸುತ್ತಾರೆ. ಇದು ನಮ್ಮ ಕಚೇರಿಗಳ ಸಸ್ಪೆನ್ಸ್ ಖಾತೆಯಂತೆಯೇ. ತಾಳೆಯಾಗದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕುವುದು ತಪ್ಪಲ್ಲ. ಆದರೆ ಅದನ್ನು ಅಲ್ಲಿಯೇ ಮರೆತು ವರ್ಷಾಂತ್ಯದ ಅಢಾವೆ ಪತ್ರಿಕೆಗೆ ಸಹಿ ಹಾಕುವುದು ಅಪ್ರಾಮಾಣಿಕತೆ. ಹೀಗೆ ಊಹೆಯಿಂದ ಸೇರಿಸಿದ ಕ್ರಿಯೆಗೆ ಗುರುತು ಹಾಕಿ, ಅದಕ್ಕೆ ಆಧಾರ ಹುಡುಕುತ್ತ ಹೋಗಬೇಕು. ಹಲವು ಬಾರಿ ಈ ಹುಡುಕಾಟದಿಂದಲೇ ಅದುವರೆಗೆ ಯಾರಿಗೂ ತಿಳಿದಿರದ ಜೀನಿನ ಕೆಲಸ ಬೆಳಕಿಗೆ ಬರುತ್ತದೆ.

ಕ್ಷಯರೋಗದ ಲೆಕ್ಕ

ಇಷ್ಟೆಲ್ಲ ಲೆಕ್ಕದಿಂದ ಜನರಿಗೇನು ಪ್ರಯೋಜನ? ಇಕ್ಕಟ್ಟಾದ ಖೋಲಿಗಳಲ್ಲಿ ಹಲವರು ಒಟ್ಟಿಗೆ ಮಲಗುವ ನಮ್ಮ ಹೋಟೆಲು ಕಾರ್ಮಿಕರಿಗೆ ಕ್ಷಯರೋಗದ ಪರಿಚಯ ಪುಸ್ತಕದಿಂದ ಬಂದುದಲ್ಲ. ಅದರ ಬ್ಯಾಕ್ಟೀರಿಯದ ಜೀನೋಮನ್ನು 1998ರಲ್ಲಿ ಓದಿ ಮುಗಿಸಿದರು. ಅದರಲ್ಲಿ ಸುಮಾರು 44 ಲಕ್ಷ ಅಕ್ಷರಗಳು, ಸುಮಾರು 4000 ಜೀನುಗಳು. ಈ ಬ್ಯಾಕ್ಟೀರಿಯ ತನ್ನ ಮೈಸುತ್ತ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ದಪ್ಪ ಗೋಡೆಯನ್ನು ಕಟ್ಟಿಕೊಳ್ಳುತ್ತದೆ. 1952ರಿಂದ ಬಳಕೆಯಲ್ಲಿರುವ ಐಸೋನಿಯಜಿಡ್ ಎಂಬ ಔಷಧ ಈ ಗೋಡೆಯ ಕೆಲಸವನ್ನೇ ತಡೆಯುತ್ತದೆ. ಆದರೆ ಆ ಔಷಧಕ್ಕೆ ಜಗ್ಗದ ತಳಿಗಳು ಹುಟ್ಟಿಕೊಂಡಿರುವುದರಿಂದ ಬೇರೆ ಮರ್ಮಸ್ಥಾನಗಳನ್ನು ಹುಡುಕಬೇಕಾಗಿದೆ.

ಈ ಹುಡುಕಾಟದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾತ್ರವೂ ಉಂಟು. 2005ರಲ್ಲಿ ಅಲ್ಲಿಯ ಕಾರ್ತಿಕ್ ರಾಮನ್, ಪ್ರೀತಿ ರಾಜಗೋಪಾಲನ್ ಮತ್ತು ನಾಗಸುಮಾ ಚಂದ್ರ ಅವರು ಮೈಕೋಲಿಕ್ ಆಮ್ಲ ತಯಾರಾಗುವ ಭಾಗದ ಲೆಕ್ಕವನ್ನು ಮಾತ್ರ ಪ್ರತ್ಯೇಕವಾಗಿ ಬರೆದರು. 197 ಪದಾರ್ಥಗಳು, 219 ಕ್ರಿಯೆಗಳು, 28 ಪ್ರೋಟೀನುಗಳು. ಒಂದೊಂದೇ ಜೀನನ್ನು ಲೆಕ್ಕದಿಂದ ತೆಗೆದುಹಾಕಿ, ಯಾವುದು ಹೋದರೆ ಗೋಡೆಯ ಕೆಲಸ ನಿಲ್ಲುತ್ತದೆಂದು ನೋಡಿದರು. ಮನುಷ್ಯನ ಪ್ರೋಟೀನುಗಳನ್ನು ಹೋಲುವವನ್ನು ಬಿಟ್ಟು ಔಷಧಕ್ಕೆ ಗುರಿಯಾಗಬಹುದಾದವನ್ನು ಆರಿಸಿದರು. ಅದಾದ ಎರಡು ವರ್ಷಗಳಲ್ಲಿ, 2007ರಲ್ಲಿ, ಕ್ಷಯದ ಬ್ಯಾಕ್ಟೀರಿಯದ ಇಡೀ ಜೀನೋಮಿನ ಎರಡು ಪ್ರತಿರೂಪಗಳು ಬೇರೆ ಬೇರೆ ಕಡೆಗಳಿಂದ ಹೊರಬಂದವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲೆಕ್ಕದಲ್ಲಿ ಒಂದು ಜೀನು ಮರ್ಮಸ್ಥಾನವೆಂದು ಕಂಡಮಾತ್ರಕ್ಕೆ ಔಷಧ ಸಿದ್ಧವಾಗುವುದಿಲ್ಲ. ಅದರ ಮೇಲೆ ಪ್ರಯೋಗಶಾಲೆಯ, ಪ್ರಾಣಿಗಳ, ಕೊನೆಗೆ ರೋಗಿಗಳ ಮೇಲಿನ ಪರೀಕ್ಷೆಗಳು ಉಳಿದಿರುತ್ತವೆ. ಸಾವಿರಾರು ಜೀನುಗಳಲ್ಲಿ ಎಲ್ಲಿ ಮೊದಲು ಅಗೆಯಬೇಕೆಂದು ತೋರಿಸಿಕೊಡುವುದಷ್ಟೇ ಲೆಕ್ಕದ ಕೆಲಸ. ಅದು ಅಲ್ಪವೇನೂ ಅಲ್ಲ.

ಲೆಕ್ಕ ಹೇಳಲಾರದ್ದು

ಉಗ್ರಾಣದಲ್ಲಿರುವ ಅಕ್ಕಿ, ಉದ್ದು, ಎಣ್ಣೆಗಳ ಲೆಕ್ಕ ತಿಳಿದಿದ್ದರೆ ಇಂದು ಹೆಚ್ಚೆಂದರೆ ಎಷ್ಟು ದೋಸೆ ಹಾಕಬಹುದೆಂದು ಹೇಳಬಹುದು. ಆದರೆ ಭಟ್ಟರಿಗೆ ಜ್ವರ ಬಂದಿದೆಯೇ, ಒಲೆ ಸರಿಯಾಗಿ ಉರಿಯುತ್ತಿದೆಯೇ, ಮಾಲಕರು ಮಧ್ಯಾಹ್ನ ದೋಸೆ ಬೇಡವೆಂದು ಹೇಳಿದ್ದಾರೆಯೇ ಎಂಬುದು ಉಗ್ರಾಣದ ಪುಸ್ತಕದಲ್ಲಿಲ್ಲ. ಈ ಪ್ರತಿರೂಪಗಳ ಮಿತಿಯೂ ಇಂಥದೇ. ಯಾವ ಕಿಣ್ವ ಎಷ್ಟಿದೆ, ಯಾವ ಜೀನು ಈಗ ಕೆಲಸ ಮಾಡುತ್ತಿದೆ, ಗಳಿಗೆ ಗಳಿಗೆಗೆ ಏನು ಬದಲಾಗುತ್ತಿದೆ ಎಂಬುದನ್ನು ಮೂಲ ವಿಧಾನವು ಹೇಳುವುದಿಲ್ಲ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬ ಗಡಿಯನ್ನು ಅದು ತೋರಿಸುತ್ತದೆ. ಈ ಕೊರತೆಗಳನ್ನು ತುಂಬಲು ಹೊಸ ವಿಧಾನಗಳೂ ಬೆಳೆಯುತ್ತಿವೆ.

ಹಾಗಿದ್ದರೂ, ಯಾವ ಜೀನನ್ನು ತೆಗೆದರೆ ಇ. ಕೋಲೈ ಸಾಯುತ್ತದೆಂಬ ಪ್ರಶ್ನೆಗೆ 2017ರ ಪ್ರತಿರೂಪವು ಕೊಟ್ಟ ಉತ್ತರಗಳನ್ನು ಪ್ರಯೋಗಗಳೊಂದಿಗೆ ಹೋಲಿಸಿದಾಗ, ನೂರಕ್ಕೆ 93ಕ್ಕಿಂತ ಹೆಚ್ಚು ಸರಿಯಾಗಿದ್ದವು. ಉಳಿದ ಆರೇಳು ತಪ್ಪುಗಳೇ ಮುಂದಿನ ಸಂಶೋಧಕರಿಗೆ ಕೆಲಸ ಒದಗಿಸುತ್ತವೆ.

ಕಲಿಯುವವರಿಗೆ ನಾಲ್ಕು ಮಾತು

ಹನ್ನೆರಡನೆಯ ತರಗತಿಯ ಗಣಿತದಲ್ಲಿ ಮ್ಯಾಟ್ರಿಕ್ಸೂ ಲೀನಿಯರ್ ಪ್ರೋಗ್ರಾಮಿಂಗೂ ಪಾಠಗಳಾಗಿ ಬರುತ್ತವೆ. ರಸಾಯನಶಾಸ್ತ್ರದಲ್ಲಿ ಸಮೀಕರಣಗಳನ್ನು ಸರಿದೂಗಿಸುವುದು ಅದಕ್ಕೂ ಮೊದಲೇ ಬರುತ್ತದೆ. ಈ ಮೂರನ್ನು ಅರ್ಥಮಾಡಿಕೊಂಡು ಕಲಿತವರಿಗೆ ಅಡಿಪಾಯ ಸಿದ್ಧವಾಗಿದೆ. ಅದರ ಮೇಲೆ ಸಕ್ಕರೆಯು ಕೋಶದಲ್ಲಿ ಕರಗುವ ಮಾರ್ಗಗಳ ಜೀವರಸಾಯನಶಾಸ್ತ್ರವನ್ನೂ, ಪೈಥಾನ್ ಎಂಬ ಗಣಕಭಾಷೆಯನ್ನೂ ಕಲಿಯಬೇಕು.

ಸಾಧನಗಳಿಗೆ ಹಣ ಬೇಕಾಗಿಲ್ಲ ಎಂಬುದು ನಮ್ಮವರಿಗೆ ಮುಖ್ಯವಾದ ಸಂಗತಿ. ಈ ಲೆಕ್ಕಗಳನ್ನು ಮಾಡುವ ‘ಕೋಬ್ರಾಪೈ’ ಎಂಬ ತಂತ್ರಾಂಶ 2013ರಿಂದ ಉಚಿತವಾಗಿ ದೊರೆಯುತ್ತಿದೆ. ಸಿದ್ಧವಾದ ಪ್ರತಿರೂಪಗಳನ್ನು ‘ಬಿಗ್’ ಎಂಬ ಭಂಡಾರದಿಂದ ಉಚಿತವಾಗಿ ಪಡೆಯಬಹುದು. 95 ಕ್ರಿಯೆಗಳ ಚಿಕ್ಕ ಪ್ರತಿರೂಪಕ್ಕೆ ಸಾಧಾರಣವಾದ ಹಳೆಯ ಗಣಕವೂ ಸಾಕು. ಹಿಂದೆ ಹೇಳಿದ ಕಾರ್ತಿಕ್ ರಾಮನ್ ಅವರು ಈಗ ಚೆನ್ನೈಯ ಐಐಟಿಯಲ್ಲಿ ಪ್ರಾಧ್ಯಾಪಕರು. ಈ ವಿಷಯದ ಮೇಲೆ ಅವರು ಕೊಟ್ಟ ಪಾಠಗಳು ಸರಕಾರದ ಎನ್‌ಪಿಟಿಇಎಲ್ ಯೋಜನೆಯ ಮೂಲಕ ಎಲ್ಲರಿಗೂ ಉಚಿತವಾಗಿವೆ. ಪರೀಕ್ಷೆಗೆ ಕುಳಿತು ಪ್ರಮಾಣಪತ್ರ ಪಡೆಯಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಬೇಕು. ಪಾಠಗಳು ಇಂಗ್ಲಿಷಿನಲ್ಲಿವೆ ಎಂಬುದೊಂದು ತೊಡಕು. ಆದರೆ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತು ಪದವೀಧರರಾದವರು ಮುಂಬಯಿಯ ಕನ್ನಡಿಗರಲ್ಲಿ ಅನೇಕರಿದ್ದಾರೆ.

ಇದರ ಜೊತೆಗೆ ಒಂದು ಎಚ್ಚರಿಕೆ. ಆರು ವಾರಗಳಲ್ಲಿ ಈ ವಿದ್ಯೆಯನ್ನು ಕಲಿಸಿ ಉದ್ಯೋಗ ಕೊಡಿಸುವೆವೆಂದು ದೊಡ್ಡ ಶುಲ್ಕ ಕೇಳುವವರು ಯಾರಾದರೂ ಬಂದರೆ, ಉಚಿತವಾಗಿ ದೊರೆಯುವುದರ ಮೇಲೆ ಇವರು ಹೆಚ್ಚಾಗಿ ಏನನ್ನು ಕೊಡುತ್ತಾರೆಂದು ಮೊದಲು ವಿಚಾರಿಸಿರಿ. ಇದು ಕೂಡಲೇ ಸಂಬಳ ತರುವ ವಿದ್ಯೆಯಲ್ಲ. ಇದನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯನ್ನೋ ಸಂಶೋಧನಾ ಪದವಿಯನ್ನೋ ಮುಗಿಸಬೇಕಾಗುತ್ತದೆ. ಹುದುಗುವಿಕೆಯಿಂದ ಔಷಧ, ರಾಸಾಯನಿಕಗಳನ್ನು ತಯಾರಿಸುವ ಉದ್ಯಮಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಇದಕ್ಕೆ ಬೆಲೆಯಿದೆ. ಮನೆಯ ಪರಿಸ್ಥಿತಿ ಅಷ್ಟು ವರ್ಷ ಕಾಯಬಲ್ಲುದೇ ಎಂಬುದನ್ನು ತಂದೆತಾಯಿ ಮಕ್ಕಳು ಒಟ್ಟಿಗೆ ಕುಳಿತು ಯೋಚಿಸಬೇಕು. ಕಾಯಲಾಗದವರೂ ನಿರಾಶರಾಗಬೇಕಿಲ್ಲ, ಇಲ್ಲಿ ಕಲಿತ ಪೈಥಾನು, ಮ್ಯಾಟ್ರಿಕ್ಸು, ಲೀನಿಯರ್ ಪ್ರೋಗ್ರಾಮಿಂಗು ಸರಕು ಸಾಗಣೆ, ಕಾರಖಾನೆ, ಬ್ಯಾಂಕುಗಳ ಲೆಕ್ಕಕ್ಕೂ ಉಪಯೋಗಕ್ಕೆ ಬರುವಂಥವು.

ಲೆಕ್ಕ ಬರೆದು ಬಲ್ಲ ತಂದೆಯಾಗಲಿ, ಚಿಕ್ಕಪ್ಪನಾಗಲಿ, ಸೋದರಮಾವನಾಗಲಿ ಕಲಿಯುವ ಮಕ್ಕಳಿಗೆ ಒಂದು ಸಹಾಯವನ್ನು ಮಾಡಬಹುದು. ಐದಾರು ಕ್ರಿಯೆಗಳನ್ನು ಕಾಗದದ ಮೇಲೆ ಖಾತೆಗಳಾಗಿ ಬರೆದುಕೊಡೆಂದು ಕೇಳಲಿ. ಪದಾರ್ಥಗಳ ಹೆಸರುಗಳು ಅಪರಿಚಿತವಾಗಿದ್ದರೆ ಚಿಂತೆಯಿಲ್ಲ. ಪ್ರತಿಯೊಂದು ಸಾಲಿನ ಮೇಲೆ ಬೆರಳಿಟ್ಟು ಎರಡೇ ಪ್ರಶ್ನೆಗಳನ್ನು ಕೇಳಿದರೆ ಸಾಕು: ಎರಡು ಕಡೆಯೂ ಕೂಡಿ ಬರುತ್ತದೆಯೇ? ಈ ಅಂಕಿಯನ್ನು ಬರೆಯಲು ನಿನಗೆ ಆಧಾರವೇನು? ಪ್ರಯೋಗಶಾಲೆಗಳಲ್ಲಿ ಹಿರಿಯ ವಿಜ್ಞಾನಿಗಳು ತಮ್ಮ ಶಿಷ್ಯರನ್ನು ಕೇಳುವುದೂ ಇವೇ ಪ್ರಶ್ನೆಗಳನ್ನು.